ಲಾಲ್‌ಸಾಬನ ಗಿಳಿ ಹಸಿರು

ಸಿಂಧನೂರಿನಲ್ಲಿ ಬಂಡಿಗೆ ಬಣ್ಣ ಹಚ್ಚುವವರು ನಾಲ್ವರಿದ್ದರು. ತಾನು ಬಂಡಿಗೆ ಬಣ್ಣ ಹಚ್ಚಲು ಹುಟ್ಟಿದವನಲ್ಲ ಎಂದು ನಂಬಿದ್ದವನು ಮಾತ್ರ ಲಾಲ್‌ಸಾಬ್ ಒಬ್ಬನೇ. ಇಪ್ಪತ್ತೆರಡು ವರ್ಷ ಅವನು ಗಾಲಿ, ನೊಗ, ಕಾರಹುಣ್ಣಿಮೆಗೆ ಎತ್ತಿನ ಕೋಡು ಇವನ್ನೇ ಬಳಿದಿದ್ದ. ಅದೆಲ್ಲ ಕೈ ಪಳಗಲೆಂದು ದೇವರು ಮಾಡಿಸಿದ ತಾಲೀಮು, ನಿಜವಾದ ಕುಸ್ತಿ ಮುಂದಿದೆ ಎಂಬುದು ಅವನ ನಂಬಿಕೆ.

೧೯೫೦ರ ಬೇಸಿಗೆಯಲ್ಲಿ ಆ ಕುಸ್ತಿ ನಾಲ್ಕು ಗಾಲಿಗಳ ಮೇಲೆ ಬಂದು ನಿಂತಿತು. ಊರು ಬಿಟ್ಟುಹೋದ ಜಾಗೀರದಾರನೊಬ್ಬನ ಹಳೆಯ ಫೋರ್ಡ್ ಕಾರು ಸಾವ್ಕಾರ ಕರಿಬಸಪ್ಪನ ಕೈ ಸೇರಿತ್ತು. ಬಣ್ಣ ಹಳದಿ. ಎರಡು ವರ್ಷದ ಹಿಂದೆ, ಜಾಗೀರು ಇನ್ನೂ ಇದ್ದಾಗ, ಆ ಹಳದಿ ಕಂಡರೆ ಜನ ಬಗ್ಗಿ ಸಲಾಮು ಹೊಡೆಯುತ್ತಿದ್ದರು. ಈಗ ಅದೇ ಜನ ಅದೇ ಹಳದಿ ನೋಡಿ ನಗುತ್ತಿದ್ದರು. ಬರುವ ಸೋಮವಾರ ಕರಿಬಸಪ್ಪ ಮಗಳಿಗೆ ಗೊತ್ತುಮಾಡಿದ ಗಂಡಿನ ಮನೆ ನೋಡಲು ಲಿಂಗಸುಗೂರಿಗೆ ಹೋಗಬೇಕಿತ್ತು.

"ಗಿಳಿ ಹಸಿರು ಆಗಬೇಕು ನೋಡು ಲಾಲ್‌ಸಾಬ. ಈ ಹಳದಿ ಕೆರದು ತೆಗಿತೀ ಏನು?"

"ಯಾಕ್ರೀ ಸಾವ್ಕಾರ್ರ, ಅದು ಗಟ್ಟಿ ಕುಂತೈತಿ. ಕುಂತದ್ದನ್ನ ಯಾಕ ಎಬ್ಬಿಸೋದು? ಉಸುಕಿನ ಕಾಗದಲೆ ತಿಕ್ಕಿ ಮೈ ಒರಟು ಮಾಡತೀನಿ. ಹೊಸಾ ಬಣ್ಣ ಅದರ ಮ್ಯಾಲ ಹಲ್ಲೂರಿ ಹಿಡಕೊಂತೈತಿ."

"ಹೆಚ್ಚುಕಡಿಮಿ ಆದ್ರ?"

"ಆದ್ರ ಈ ಲಾಲ್‌ಸಾಬ ಜಿಂದಗಿಯೊಳಗ ಮೋಟಾರು ಮುಟ್ಟಂಗಿಲ್ಲ."

ಪ್ರತಿಜ್ಞೆ ಮಾಡುವ ಮೊದಲೇ ಅವನು 'ಮೋಟಾರ್ ಪೇಂಟರ್' ಎಂದು ಹಲಗೆ ಬರೆದು ಮನೆ ಬಾಗಿಲಿಗೆ ತೂಗುಹಾಕಿಯಾಗಿತ್ತು. ಅವನ ಹೆಂಡತಿ ಸುಭಾನಬಿ ಅದನ್ನು ನೋಡಿ, "ಕೂಸು ಹುಟ್ಟೋಕಿಂತ ಮೊದಲ ಕುಲಾವಿ ಹೊಲಿಸೀರಿ" ಎಂದಷ್ಟೇ ಅಂದಳು.

ಎರಡು ದಿನ ಲಾಲ್‌ಸಾಬ್ ಕಾರನ್ನು ತಿಕ್ಕಿದ. ಅರ್ಜುನನೂ ತನ್ನ ಬಾಣಗಳಿಗೆ ಅಷ್ಟು ಸಾಣೆ ಹಿಡಿದಿರಲಾರ. ಬುಧವಾರ ಸಂಜೆ ಅವನು ಮನೆಗೆ ಹೋದ ಮೇಲೆ ಕರಿಬಸಪ್ಪನ ತಾಯಿ ಪಾರ್ವತೆಮ್ಮ ಅಂಗಳಕ್ಕೆ ಬಂದರು. ಮೈಯೆಲ್ಲ ಕೆರೆಸಿಕೊಂಡು ಬಿಳಿಚಿ ನಿಂತ ಕಾರನ್ನು ಕಂಡು ಅವರ ಕರುಳು ಚುರ್ ಎಂದಿತು. ನಾಳೆ ಹೊಸ ಬಟ್ಟೆ ಉಡುವ ಜೀವ. ಎಣ್ಣೆ ಹಚ್ಚದೆ, ನೀರೆರೆಯದೆ ಉಡಿಸುವುದುಂಟೇ? ಹಬ್ಬಕ್ಕೆ ಅಂಗಿ ತೊಡುವ ಮಕ್ಕಳಿಗೂ, ಜೂಲು ಹೊದೆಯುವ ಎತ್ತುಗಳಿಗೂ ಆ ಮನೆಯಲ್ಲಿ ಒಂದೇ ಕಾನೂನು. ಎರಡು ಸೇರು ಔಡಲೆಣ್ಣೆ ತಂದು ಕಾರಿನ ಮೂತಿಯಿಂದ ಬೆನ್ನಿನವರೆಗೆ ತಿಕ್ಕಿ, ಸೀಗೆಪುಡಿ ಹಾಕಿ ಎರೆದು, ಗಾಲಿಗಳಿಗೆ ಕುಂಕುಮವಿಟ್ಟು ಒಳಗೆ ಹೋದರು. ಪುಣ್ಯದ ಕೆಲಸವನ್ನು ಹೇಳಿಕೊಳ್ಳಬಾರದೆಂದು ಯಾರಿಗೂ ಹೇಳಲಿಲ್ಲ.

ಔಡಲೆಣ್ಣೆ ಸೀಗೆಪುಡಿಗೆ ಬಗ್ಗುವ ಆಸಾಮಿಯಲ್ಲ. ಗುರುವಾರ ಬೆಳಿಗ್ಗೆ ಕಾರು ಮಿರಮಿರ ಮಿಂಚುತ್ತಿತ್ತು. ಒರಟು ಮಾಡಿದ ಮೈ ಮಿಂಚಬಾರದು ಎಂಬುದು ಎತ್ತಿನ ಕೋಡಿಗೆ ಬಣ್ಣ ಬಳಿಯುವವನಿಗೂ ಗೊತ್ತು. ಲಾಲ್‌ಸಾಬನಿಗೂ ಗೊತ್ತಿತ್ತು. ಆದರೆ ಮಿಂಚುತ್ತಿರುವುದು ತನ್ನ ಕೈಗುಣವೇ ಎಂದು ತಿಳಿದ ಅವನು, ಒಮ್ಮೆ ಬಟ್ಟೆಯಿಂದ ಒರೆಸಿ ನೋಡುವ ಅಪಮಾನವನ್ನೂ ಅದಕ್ಕೆ ಮಾಡದೆ ಬ್ರಷ್ಷೆತ್ತಿದ.

ಸೋಮವಾರ ಬಂದರೂ ಬಣ್ಣ ಆರಲಿಲ್ಲ. ಮುಟ್ಟಿದ ಬೆರಳಿಗೆಲ್ಲ ಗಿಳಿ ಅಂಟಿ ಬರುತ್ತಿತ್ತು.

"ನಾಲ್ಕು ದಿನ ಬಿಸಲಾಗ ನಿಂತೈತಿ, ಆರವಲ್ದಲ್ಲಬೇ ಯವ್ವಾ" ಎಂದ ಕರಿಬಸಪ್ಪ.

"ಹೆಂಗ ಆರತೈತೋ ಯಪ್ಪಾ? ಚಲೋತ್ನಂಗ ಎಣ್ಣಿ ಹಚ್ಚಿ ಎರದೀನಿ. ಮೈ ತಂಪೈತಿ" ಎಂದರು ಪಾರ್ವತೆಮ್ಮ ಹೆಮ್ಮೆಯಿಂದ.

ಲಾಲ್‌ಸಾಬನ ಕಾಲ ಕೆಳಗಿನ ನೆಲ ಜಾರಿತು. ಮತ್ತೆ ತೊಳೆದು ಬಳಿಯಲು ಹೊತ್ತಿಲ್ಲ; ಕರಿಬಸಪ್ಪ ರುಮಾಲು ಸುತ್ತಿ ತಯಾರಾಗಿದ್ದ. "ನೀನೂ ಹತ್ತಲೇ. ಬೀಗರ ಮುಂದ ಬಣ್ಣ ಜಾರಿದ್ರ ಅವರಿಗೆ ನೀನಾ ಜವಾಬು ಹೇಳು."

ಮಸ್ಕಿ ದಾಟುವವರೆಗೂ ಮುಂದೆ ಬಂಡಿಗಳ ಸಾಲು. ಅವು ಎಬ್ಬಿಸಿದ ಧೂಳೆಲ್ಲ ಹಸಿ ಬಣ್ಣಕ್ಕೆ ಬಂದು ಮೆತ್ತಿಕೊಂಡಿತು. ಲಿಂಗಸುಗೂರು ಮುಟ್ಟುವ ಹೊತ್ತಿಗೆ ಗಿಳಿ ಸತ್ತು, ಇತ್ತ ಹಸಿರಲ್ಲದ ಅತ್ತ ಮಣ್ಣಲ್ಲದ ಮಂಕು ಬಣ್ಣವೊಂದು ಉಳಿದಿತ್ತು. ಆ ಬಣ್ಣವನ್ನು ಅಲ್ಲಿನ ಜನ ಕಂಡದ್ದು ಪೊಲೀಸ್ ಆಕ್ಷನ್ನಿನಲ್ಲಿ ಬಂದ ಮಿಲಿಟರಿ ಗಾಡಿಗಳ ಮೇಲೆ ಮಾತ್ರ.

ಗಂಡಿನ ತಂದೆ ಜಂಬಣ್ಣ ಸರಕಾರಕ್ಕೆ ಅಳೆದು ಒಪ್ಪಿಸಬೇಕಾದ ಲೆವಿಗೆ ಕೊಡದೆ ಅಂಗಳದ ನೆಲದೊಳಗಿನ ಹಗೇವಿನಲ್ಲಿ ಜೋಳ ಹೂತಿಟ್ಟಿದ್ದ. ಓಣಿಯ ತುದಿಯಲ್ಲಿ ಆ ಬಣ್ಣ ಕಂಡದ್ದೇ ತಡ, ಹಗೇವಿನ ಬಾಯಿಯ ಮೇಲೆ ಎಮ್ಮೆ ಕಟ್ಟಿಸಿ, ಜರಿ ರುಮಾಲು ಬಿಸುಟು, ಹರಕು ಕಂಬಳಿ ಹೊದ್ದು ಬಾಗಿಲಿಗೆ ಬಂದು ನಿಂತ.

"ಮನ್ಯಾಗ ಒಂದು ಕಾಳಿಲ್ಲರೀ ಸಾಹೇಬ್ರ. ಒಲಿ ಹಚ್ಚಿ ಎರಡು ದಿನ ಆತು."

ಒಳಗಿನಿಂದ ಹೋಳಿಗೆಯ ವಾಸನೆ ಘಮ್ಮೆನ್ನುತ್ತಿತ್ತು. ಕರಿಬಸಪ್ಪ ಕೆಳಗಿಳಿದ. "ನಾನ್ರೀ ಜಂಬಣ್ಣಾರ, ಸಿಂಧನೂರು ಕರಿಬಸಪ್ಪ. ಒಲೀನ ಹಚ್ಚದ ಮನಿಗೆ ಮಗಳ್ನ ಹೆಂಗ ಕೊಡ್ಲಿ?"

ಜಂಬಣ್ಣ ಕಂಬಳಿ ಕೊಡವಿದ. ಕಾರಿನ ಸುತ್ತ ಒಂದು ಸುತ್ತು ಬಂದ. "ಈ ಬಣ್ಣ ಹಚ್ಚಿದಾವ ಯಾವ?"

ಲಾಲ್‌ಸಾಬ್ ಹಿಂದಿನ ಸೀಟಿನಿಂದ ಗಲ್ಲಿಗೇರುವವನಂತೆ ಇಳಿದ. "ನಾನ್ರೀ."

"ನನ್ನ ಜೀವಾನ ಹೋಗಿತ್ತು ನೋಡಪಾ. ದಾರ್ಯಾಗ ಜೋಳ ಹಿಡಿಯೋ ಚೌಕಿಯವ್ರದೂ ಹಂಗಾ ಹೋಗಲಿ. ನಮ್ಮವು ಹದಿನಾಲ್ಕು ಅದಾವ, ಅವಕೂ ಇದಾ ಬಣ್ಣ ಹಚ್ಚು. ಸರಕಾರದ್ದು ಅಂತ ತಡಿಯೋದಿಲ್ಲ."

ಹದಿನಾಲ್ಕು ಮೋಟಾರು! ಲಾಲ್‌ಸಾಬನಿಗೆ ಆಕಾಶ ಮೂರೇ ಗೇಣು ಉಳಿಯಿತು. "ಎಲ್ಲಿ ನಿಲ್ಲಿಸೀರಿ?"

"ಹಿತ್ತಲದಾಗ. ಎತ್ತು ಬಿಚ್ಚಿ ಇಟ್ಟೀವಿ."

ಹತ್ತೊಂಬತ್ತು ದಿನ ಲಾಲ್‌ಸಾಬ್ ಲಿಂಗಸುಗೂರಿನಲ್ಲೇ ಉಳಿದು ಬಂಡಿಗಳಿಗೆ ಬಣ್ಣ ಬಳಿದು, ಹಸಿ ಬಣ್ಣದ ಮೇಲೆ ಮೊರದಿಂದ ಧೂಳು ತೂರಿದ. ಮನೆಗೆ ಬಂದಾಗ ಸುಭಾನಬಿ ಚಹಾ ಕೊಟ್ಟು, "ಎಷ್ಟು ಮೋಟಾರು ಆದುವ್ರಿ?" ಎಂದು ಕೇಳಿದಳು.

"ಏಳು" ಎಂದ ಲಾಲ್‌ಸಾಬ್. "ಒಟ್ಟು ಇಪ್ಪತ್ತೆಂಟು ಗಾಲಿ. ಬೇಕಾದ್ರ ನಾಲ್ಕಲೆ ಭಾಗಿಸಿ ನೋಡು."