ಖಂಡೇಪೂಜೆಗೆ ಇಟ್ಟ ರಿವಾಲ್ವರ್

ಮೊನ್ನೆ ಉಪ್ಪಿಟ್ಟಿಗೆ ರವೆ ಹುರಿಯಲು ಇಟ್ಟು ಫೋನ್ ಎತ್ತಿಕೊಂಡೆ. ಯಾವುದೋ ಸುಡುಗಾಡು ಇನ್ಶೂರೆನ್ಸಿನವರ ಕರೆ. ಬೇಡ ಬೇಡ ಎಂದು ಹೇಳಿ ತಿರುಗುವಷ್ಟರಲ್ಲಿ ರವೆ ತಳ ಹಿಡಿದು ಸೀದಿತ್ತು. ಕಿಟಕಿ ತೆರೆಯಬೇಕಿತ್ತು, ತೆರೆಯಲಿಲ್ಲ. ಹೊಗೆಯಲ್ಲಿ ಸುಮ್ಮನೆ ನಿಂತಿದ್ದೆ. ಸೀದ ರವೆಯ ವಾಸನೆಗೆ ಎಲ್ಲರಿಗೂ ಅವರವರ ಅಮ್ಮನ ಅಡುಗೆಮನೆ ನೆನಪಾಗುತ್ತದೇನೋ. ನನಗೆ ಕಾಕಾ ನೆನಪಾಗುತ್ತಾರೆ, ಅವರ ರಿವಾಲ್ವರ್ ನೆನಪಾಗುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ…

ಕಾಕಾ ನನಗೆ ಸಂಬಂಧಿಕರೇನಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಇಂಗ್ಲೆಂಡಿನ ಕೊವೆಂಟ್ರಿಗೆ ಕಾರು ಕಂಪನಿಯ ಕೆಲಸಕ್ಕೆ ಬಂದಾಗ ಅವರು ನಮ್ಮ ಹಿಂದಿನ ಬೀದಿಯಲ್ಲಿದ್ದರು. ಬಾಗಲಕೋಟೆ ಕಡೆಯವರು, ಲಿಂಗಾಯತರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಆಗಿದ್ದು ನಿವೃತ್ತರಾಗಿದ್ದರು. ನಾನು ಮೈಸೂರಿನವಳು, ಬಾಯಿ ತೆರೆದರೆ ಅಂಕಲ್ ಅನ್ನುತ್ತಿದ್ದೆ. ಅಂಕಲ್ ಅಂದರೆ ಪೇಷಂಟು ಕರೆದಂತಾಗುತ್ತದೆ ಎಂದು ಅವರೇ ತಿದ್ದಿ ಕಾಕಾ ಅನ್ನಿಸಿದರು. ಅವರ ಹೆಂಡತಿ ಕಾಕು ಆದರು. ನನ್ನ ಗಂಡನಿಗೆ ಕೆಲಸ ಲೀಡ್ಸ್‌ನಲ್ಲಿ. ಶುಕ್ರವಾರ ರಾತ್ರಿ ಬಂದು, ಶನಿವಾರ ನಿದ್ದೆ ಮಾಡಿ, ಭಾನುವಾರ ಬೆಳಿಗ್ಗೆಯೇ ರೈಲಿನ ಚಿಂತೆ ಶುರುಮಾಡುವ ಮನುಷ್ಯ. ಹಾಗಾಗಿ ನನ್ನ ಊಟ ತಿಂಡಿ ಅರ್ಧ ಕಾಕು ಮನೆಯಲ್ಲೇ ನಡೆಯುತ್ತಿತ್ತು.

ಮೊದಲ ಸಲ ಅವರ ಮನೆಗೆ ಹೋದಾಗ ಹಾಲ್‌ನಲ್ಲಿದ್ದ ಗಾಜಿನ ಬೀರು ನೋಡಿ ಗಾಬರಿಯಾಗಿತ್ತು. ಬೇರೆಯವರ ಮನೆಯಲ್ಲಿ ಹಿತ್ತಾಳೆ ಗಣಪತಿ, ಚನ್ನಪಟ್ಟಣದ ಬೊಂಬೆ ಇರುವ ಜಾಗದಲ್ಲಿ ಸಾಲಾಗಿ ರಿವಾಲ್ವರುಗಳು. ಇವೆಲ್ಲ ನೂರು ವರ್ಷಕ್ಕೂ ಹಳೆಯವು, ಇವಕ್ಕೆ ತೋಟಾ ಈಗ ಸಿಗುವುದೇ ಇಲ್ಲ, ಅಲಂಕಾರಕ್ಕೆ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಎಂದು ಕಾಕಾ ವಿವರಿಸಿದರು. ಹೊಡೆಯುವವು ಬೇರೆ ಇದ್ದವು, ಮಹಡಿಯ ಮೇಲೆ ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆಯಲ್ಲಿ. ನಾನು ಬರುವುದಕ್ಕೆ ಸ್ವಲ್ಪ ಮುಂಚೆ ಸರಕಾರ ತೋಟಾ ಹಾಕುವ ಕೈಬಂದೂಕುಗಳನ್ನೆಲ್ಲ ನಿಷೇಧಿಸಿತ್ತು. ಕಾಕಾ ತಮ್ಮವನ್ನು ಟವೆಲಿನಲ್ಲಿ ಸುತ್ತಿ ಪೊಲೀಸ್ ಸ್ಟೇಷನ್ನಿಗೆ ಕೊಟ್ಟುಬಂದಿದ್ದರು. ಮುಂದಿನ ಬಾಯಿಯ ಕಡೆಯಿಂದ ಮದ್ದು ತುಂಬುವ ಹಳೆ ಕಾಲದ ನಮೂನೆಗಳಿಗೆ ಮಾತ್ರ ಪೊಲೀಸರ ಸರ್ಟಿಫಿಕೇಟ್, ಅಂದರೆ ಲೈಸೆನ್ಸ್, ಸಿಗುತ್ತಿತ್ತು. ಅಂಥವು ಎರಡು ಉಳಿದಿದ್ದವು. ಅದರಲ್ಲಿ ಒಂದರ ಮೇಲೆ ಕಾಕಾಗೆ ಪ್ರಾಣ.

"ಇದು ನನ್ನ ಸವತಿ ನೋಡವಾ," ಎಂದಿದ್ದರು ಕಾಕು. "ನನಗಿಂತ ಹೆಚ್ಚು ಇದಕ್ಕ ಎಣ್ಣಿ ಹಚ್ಚತಾರ."

ಆ ಸವತಿಯನ್ನು ನೋಡಲು ಒಂದು ಭಾನುವಾರ ಅವರ ಕಾರಿನಲ್ಲಿ ಹೋದೆ. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ವಾಸಿ ಎಂದು ಹೊರಟದ್ದು, ಬೇರೆ ಆಸೆಯೇನೂ ಇರಲಿಲ್ಲ. ಊರಾಚೆಯ ಹಳೆ ಕಲ್ಲುಗಣಿಯಲ್ಲಿ ಗುಂಡು ಹೊಡೆಯುವವರ ಕ್ಲಬ್ಬು. ಹತ್ತು ಹದಿನೈದು ಇಂಗ್ಲಿಷ್ ಮುದುಕರು, ಥರ್ಮಾಸಿನಲ್ಲಿ ಟೀ, ಮೂಳೆ ಕೊರೆಯುವ ಚಳಿ. ಅವರ ನಡುವೆ ಹಣೆಗೆ ವಿಭೂತಿ, ಕಿವಿಗೆ ಶಬ್ದ ತಡೆಯುವ ಬಟ್ಟಲು ಹಾಕಿಕೊಂಡು ಕಾಕಾ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಹಾಗೆ.

ಅಲ್ಲಿ ನಾನು ರವೆ ನೋಡಿದ್ದು. ಸಿಲಿಂಡರಿನ ಒಂದೊಂದು ಗೂಡಿಗೂ ಮೊದಲು ಅಳತೆಯ ಕರಿ ಮದ್ದು, ಅದರ ಮೇಲೆ ಉಳಿದ ಜಾಗ ತುಂಬಲು ಒಂದು ಚಿಟಿಕೆ ರವೆ, ಅದರ ಮೇಲೆ ಸೀಸದ ಗುಂಡು, ಗುಂಡನ್ನು ನಳಿಗೆಯ ಕೆಳಗಿನ ಸನ್ನೆಗೋಲಿನಿಂದ ಒತ್ತಿ ಕೂರಿಸಿ ಮೇಲೆ ಮೇಣ. ಕಾಕಾ ಹಾಕುತ್ತಿದ್ದುದು ಕಾಕುವಿನ ಡಬ್ಬಿಯಿಂದ ಎತ್ತಿಕೊಂಡು ಬಂದ ಉಪ್ಪಿಟ್ಟಿನ ರವೆಯೇ. ಮೇಣಕ್ಕೆ ಉಳಿದವರು ಪ್ರಾಣಿಗಳ ಕೊಬ್ಬು ಬೆರೆಸುತ್ತಿದ್ದರು. ಕಾಕಾ ಜೇನುಮೇಣಕ್ಕೆ ಕೊಬ್ಬರಿ ಎಣ್ಣೆ ಹಾಕಿ ತಾವೇ ಕಾಯಿಸುತ್ತಿದ್ದರು. ಕೊಬ್ಬಿನ ಗುಮಾನಿಗೇ ಸಿಪಾಯಿಗಳು ದಂಗೆ ಎದ್ದರು, ನಾ ಎದ್ದಿಲ್ಲ, ಕೊಬ್ಬರಿ ಎಣ್ಣಿ ತಂದೀನಿ ಅಷ್ಟ ಎಂದು ಆ ಮುದುಕರಿಗೆ ಇಂಗ್ಲಿಷಿನಲ್ಲಿ ಹೇಳಿ ನಗಿಸುತ್ತಿದ್ದರು.

ನನ್ನ ಮೊದಲ ಗುಂಡು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಮುಂದೆಲ್ಲ ಬಿಳಿ ಹೊಗೆ, ಮೂಗಿಗೆ ಗಂಧಕ, ಅದರ ಅಡಿಯಲ್ಲಿ ಸೀದ ರವೆ. ಹೊಗೆ ಸರಿಯುವವರೆಗೆ ಏನೂ ಕಾಣುತ್ತಿರಲಿಲ್ಲ, ಕಾಯಬೇಕಿತ್ತು. ನನಗೆ ಹಿಡಿಸಿದ್ದು ಆ ಕಾಯುವುದೇ ಇರಬೇಕು. ಆರು ಗೂಡು ತುಂಬಲು ಹಿಡಿಯುವ ಹೊತ್ತಿನಲ್ಲಿ ತಲೆಯೊಳಗೆ ಬೇರೆ ಏನೂ ನುಗ್ಗುತ್ತಿರಲಿಲ್ಲ, ಆಫೀಸು ಇಲ್ಲ, ಲೀಡ್ಸಿನ ಗಂಡ ಇಲ್ಲ, ಮೈಸೂರಿನಿಂದ ಅಮ್ಮ ಫೋನಿನಲ್ಲಿ ಕೇಳುವ ಇನ್ನೂ ಏನೂ ವಿಶೇಷ ಇಲ್ಲವೇನೇ ಎಂಬ ಪ್ರಶ್ನೆ ಇಲ್ಲ. ಮನೆಗೆ ಬಂದ ಮೇಲೆ ರಿವಾಲ್ವರನ್ನು ಬಿಚ್ಚಿ ಬಿಸಿನೀರು ಸೋಪಿನಲ್ಲಿ ಪಾತ್ರೆ ತೊಳೆದ ಹಾಗೆ ತೊಳೆಯಬೇಕು, ಇಲ್ಲದಿದ್ದರೆ ತುಕ್ಕು. ಕಾಕು ಅದಕ್ಕೆ ಬೇರೆ ಟಬ್ಬು ಕೊಡಿಸಿದ್ದರು, ಅಡುಗೆ ಸಿಂಕಿನ ಹತ್ತಿರ ಬಂದರೆ ನೋಡು ಎಂದು ಗದರಿ. ಮುಂದಿನ ವರ್ಷ ನಾನೂ ಕ್ಲಬ್ಬಿನ ಸದಸ್ಯಳಾದೆ. ಹೊಡೆಯುತ್ತಿದ್ದುದು ಮಾತ್ರ ಕಾಕಾನ ಪಕ್ಕ ನಿಂತು, ಕಾಕಾನ ರಿವಾಲ್ವರಿನಲ್ಲೇ.

ಕೊಳ್ಳುವ ಚಟವನ್ನೂ ಅವರೇ ಹತ್ತಿಸಿದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಹಳೆ ಆಯುಧಗಳ ಸಂತೆ ನಡೆದಾಗ ಕರೆದುಕೊಂಡು ಹೋಗಿ, ಸಿಲಿಂಡರಿನ ನಂಬರೂ ಚೌಕಟ್ಟಿನ ನಂಬರೂ ಒಂದೇ ಇದ್ದರೆ ಮಾತ್ರ ಕೈಹಾಕು ಎಂದು ಕಲಿಸಿದರು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ, ಹಿಡಿ ಬಿರುಕುಬಿಟ್ಟ ಒಂದು ರಿವಾಲ್ವರ್ ತಂದು ನಮ್ಮ ಟೀವಿಯ ಪಕ್ಕ ಇಟ್ಟೆ. ಜನ ಚಿನ್ನ ಕೊಳ್ಳುತ್ತಾರೆ, ನೀನು ತುಕ್ಕು ಕೊಳ್ಳುತ್ತೀಯ ಎಂದ ನನ್ನ ಗಂಡ. ಅದು ಇನ್ನೂ ಅಲ್ಲೇ ಇದೆ.

ದಸರೆಯಲ್ಲಿ ನಾವು ಆಯುಧಪೂಜೆ ಅನ್ನುವುದನ್ನು ಅವರ ಕಡೆ ಖಂಡೇಪೂಜೆ ಅನ್ನುತ್ತಾರೆ. ಪೂಜೆಗೆ ಇಟ್ಟ ಆಯುಧವನ್ನು ಮರುದಿನ ಬೆಳಿಗ್ಗೆ ಮರುಪೂಜೆ ಆಗುವವರೆಗೆ ಎತ್ತಬಾರದು ಎಂಬುದು ಅವರ ಮನೆಯ ಪದ್ಧತಿ. ಇಲ್ಲಿನ ಕಾನೂನು, ಬಳಸದಿರುವಾಗ ಪೆಟ್ಟಿಗೆಯೊಳಗೆ ಬೀಗ ಹಾಕಿಡು ಅನ್ನುತ್ತದೆ. ಈ ಎರಡರ ನಡುವೆ ಕಾಕು ಒಂದು ದಾರಿ ಮಾಡಿಕೊಂಡಿದ್ದರು. ರಿವಾಲ್ವರನ್ನು ಹೊರಗೆ ತೆಗೆಯುತ್ತಲೇ ಇರಲಿಲ್ಲ. ಮಹಡಿ ಹತ್ತಿ ಪೆಟ್ಟಿಗೆಯ ಬಾಗಿಲಿಗೇ ಕುಂಕುಮ ಹಚ್ಚಿ, ಹಿಡಿಕೆಗೆ ಹೂ ಸಿಕ್ಕಿಸಿ ಆರತಿ ಎತ್ತುತ್ತಿದ್ದರು. ಒಳಗಿದ್ದವರಿಗೂ ಮುಟ್ಟುತ್ತದೆ ಎನ್ನುತ್ತಿದ್ದರು. ಕೊವೆಂಟ್ರಿ, ಲೆಸ್ಟರಿನ ನಾಲ್ಕಾರು ಕನ್ನಡದ ಮನೆಯವರು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೈಮುಗಿಯುತ್ತಿದ್ದೆವು.

ಒಂದು ವರ್ಷ ವಸಂತದಲ್ಲಿ ಕಾಕು ಹೋಗಿಬಿಟ್ಟರು. ಹೊಟ್ಟೆಯ ಕ್ಯಾನ್ಸರು. ನಮಗೆ ಗೊತ್ತಾದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ಕಾಕಾ ಅತ್ತದ್ದನ್ನು ನಾನು ನೋಡಲಿಲ್ಲ. ತಾವೇ ರೊಟ್ಟಿ ಬಡಿಯಲು ಕಲಿತರು, ಭಾನುವಾರ ತಪ್ಪದೆ ಕ್ಲಬ್ಬಿಗೆ ಬಂದರು. ಆದರೆ ಮಾತು ನಿಂತುಹೋಗಿತ್ತು. ಕಾರಿನಲ್ಲಿ ಹೋಗುತ್ತಾ ಬರುತ್ತಾ ನಾವಿಬ್ಬರೂ ಮರದ ಬೊಂಬೆಗಳಂತೆ ಕೂತಿರುತ್ತಿದ್ದೆವು. ಆ ಶರತ್ಕಾಲದಲ್ಲೇ ಅವರ ಸರ್ಟಿಫಿಕೇಟಿನ ಅವಧಿ ಮುಗಿಯುವುದಿತ್ತು. ಮಗಳು ಮ್ಯಾಂಚೆಸ್ಟರಿನಲ್ಲಿ ಹಲ್ಲಿನ ಡಾಕ್ಟರು, ಇಲ್ಲೇ ಹುಟ್ಟಿ ಬೆಳೆದವಳು. ಖಾಲಿ ಮನೆಯಲ್ಲಿ ಒಬ್ಬರೇ ಇರುವ ಅಪ್ಪನ ಹತ್ತಿರ ಬಂದೂಕು ಬೇಡ, ಕೊಟ್ಟುಬಿಡಿ ಎಂದು ಅವಳ ಹಟ. ಅವಳ ಭಯ ಏನೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನವೀಕರಣಕ್ಕಾಗಿ, ಇವರನ್ನು ಬಲ್ಲೆವು, ನಂಬಬಹುದು ಎಂದು ಬರೆದುಕೊಡಬೇಕಾದ ಇಬ್ಬರಲ್ಲಿ ನಾನೊಬ್ಬಳಾಗಿದ್ದೆ. ಬರೆದುಕೊಟ್ಟೆ. ನಂಬಿದ್ದೆ, ಅದಕ್ಕೇ ಕೊಟ್ಟೆ.

"ಇದೊಂದ ಉಳದೈತಿ ತಂಗಿ," ಎಂದಿದ್ದರು ಕಾಕಾ ಆವತ್ತು. "ಇದನ್ನೂ ಕೊಟ್ಟರ ಐತವಾರ ಅನ್ನೂದು ಯಾಕ ಬರಬೇಕು?"

ಮನೆಗೆ ಬಂದು ಪೆಟ್ಟಿಗೆ, ಬೀಗ, ಮನುಷ್ಯ ಎಲ್ಲವನ್ನೂ ನೋಡಿ ಹೋಗಲು ಪೊಲೀಸ್ ಕಡೆಯ ಅಧಿಕಾರಿ ಫೋನ್ ಮಾಡಿ ಯಾವ ದಿನ ಅನುಕೂಲ ಎಂದು ಕೇಳಿದರಂತೆ. ಕಾಕಾ ಪಂಚಾಂಗ ನೋಡಿ ಖಂಡೇಪೂಜೆಯ ದಿನವನ್ನೇ ಕೊಟ್ಟರು! ಆಯುಧಕ್ಕೆ ಅದಕ್ಕಿಂತ ಒಳ್ಳೆಯ ದಿನ ಯಾವುದಿದೆ ಎಂದು ಅವರ ಲೆಕ್ಕ. ನನಗೆ ಆಮೇಲೆ ಗೊತ್ತಾಯಿತು. ಮೊದಲೇ ಗೊತ್ತಾಗಿದ್ದರೂ ಒಳ್ಳೆ ದಿನವೇ ಎಂದುಕೊಳ್ಳುತ್ತಿದ್ದೆನೇನೋ. ನಮ್ಮವರಿಗೆ ಯಾರಿಗೂ ಅದು ತಪ್ಪೆಂದು ಹೊಳೆಯುತ್ತಿರಲಿಲ್ಲ.

ಆವತ್ತು ನಾನು ಪಲ್ಯದ ಪಾತ್ರೆ ಹಿಡಿದು ಹೋದಾಗ ಬಾಗಿಲು ತೆರೆದೇ ಇತ್ತು, ಹೊಸ್ತಿಲಲ್ಲಿ ಚಪ್ಪಲಿ ಬೂಟುಗಳ ರಾಶಿ. ಹಾಲಿನಲ್ಲಿ ಕಾಕುವಿನ ಫೋಟೋ, ಅದರ ಮುಂದೆ ಮಣೆ, ಮಣೆಯ ಮೇಲೆ ರಿವಾಲ್ವರ್. ಕುಂಕುಮ, ವಿಭೂತಿ, ಸೂಪರ್ ಮಾರ್ಕೆಟ್ಟಿನ ಹಳದಿ ಸೇವಂತಿಗೆ. ಮದ್ದುಗುಂಡು ತುಂಬಿರಲಿಲ್ಲ, ಖಾಲಿ. ಪೂಜೆ ಆಗಿಹೋಗಿತ್ತು. ಜನ ಅಡುಗೆಮನೆಯಲ್ಲಿ ಹೋಳಿಗೆ ಕಾಯಿಸುತ್ತಿದ್ದರು, ಕಾಕಾ ತುಪ್ಪ ಹುಡುಕುತ್ತಿದ್ದರು. ಹಾಲಿನಲ್ಲಿ ಯಾರೂ ಇರಲಿಲ್ಲ. ನನ್ನ ಬೆನ್ನಿಗೇ ಆ ಅಧಿಕಾರಿ ಬಂದರು. ಚಪ್ಪಲಿಯ ರಾಶಿ ನೋಡಿ ತಾವೂ ಬೂಟು ಬಿಚ್ಚಿ ಒಳಗೆ ಕಾಲಿಟ್ಟು, ಮಣೆ ನೋಡಿ ಅಲ್ಲೇ ನಿಂತರು.

ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ದನಿ ಏರಿಸಲಿಲ್ಲ. ಇದು ಎಷ್ಟು ಹೊತ್ತಿನಿಂದ ಹೀಗಿದೆ, ಈ ಮನೆಯಲ್ಲಿರುವ ಇಷ್ಟು ಜನರಲ್ಲಿ ಸರ್ಟಿಫಿಕೇಟ್ ಯಾರ ಹತ್ತಿರ ಇದೆ ಎಂದು ಕೇಳಿದರು. ಕಾಕಾ ಒಬ್ಬರ ಹತ್ತಿರವೇ ಇದ್ದದ್ದು. ಕಾಕಾ ಪೂಜೆಯ ವಿಷಯ ವಿವರಿಸಿದರು. ಅಧಿಕಾರಿ ತಲೆಯಾಡಿಸಿದರು, ಹೋಳಿಗೆಯನ್ನೂ ತಿಂದರು. ಆಮೇಲೆ, ಈಗ ಇದನ್ನು ಎತ್ತಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ನಾನು ನೋಡುತ್ತೇನೆ, ಮಿಕ್ಕದ್ದು ಮಾತಾಡೋಣ ಎಂದರು. ದಾರಿ ತೆರೆದುಕೊಟ್ಟಿದ್ದರು. ಅಷ್ಟು ನನಗೂ ಅರ್ಥವಾಯಿತು.

ನಾಳೆ ಬೆಳಿಗ್ಗೆ ಇಡುತ್ತೇನೆ ಎಂದರು ಕಾಕಾ.

ಅಧಿಕಾರಿ ಇನ್ನೊಮ್ಮೆ ಕೇಳಿದರು. ಅದೇ ಉತ್ತರ. ಎಲ್ಲರೂ ತಟ್ಟೆ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತಿದ್ದರು. ನನಗೆ ಸಿಟ್ಟು ಬಂತು, ನಿಜವಾದ ಸಿಟ್ಟು. ಕಾಕಾನನ್ನು ಪಕ್ಕಕ್ಕೆ ಕರೆದು, ಎರಡು ನಿಮಿಷದ ಕೆಲಸ, ಎತ್ತಿಟ್ಟುಬಿಡಿ, ಹಟ ಮಾಡಿದರೆ ಎಲ್ಲ ಹೋಗುತ್ತದೆ ಎಂದು ಹಲ್ಲು ಕಚ್ಚಿ ಹೇಳಿದೆ. ಕಾಕಾ ನನ್ನ ಮುಖ ನೋಡಲಿಲ್ಲ.

"ಹ್ವಾದ ವರ್ಷ ಎತ್ತೀನಿ ತಂಗಿ," ಎಂದರು ಸಣ್ಣ ದನಿಯಲ್ಲಿ. "ನೀವೆಲ್ಲಾ ಹ್ವಾದ ಮ್ಯಾಲ ಆಕಿನ ಹೇಳಿದ್ಲು, ಒಂದ ಸಲ ಹೊರಗಿಟ್ಟು ಪೂಜಿ ಮಾಡೂಣು, ನಾ ಕಾಯ್ಕೋತ ಕುಂದರ್ತೀನಿ ಅಂತ. ಸಂಜಿಗೆ ನನಗ ಕಾಯ್ದೆದ ಅಂಜಿಕಿ ಬಂತು. ಎತ್ತಿ ಒಳಗಿಟ್ನಿ. ಎತ್ತಿದ್ರ್ಯಾ ಅಂದ್ಲು, ಅಷ್ಟ. ಮತ್ತೇನೂ ಅನ್ನಲಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ… ಕಾಕಾ ಹಾಲಿಗೆ ಹೋಗಿ, ನಾನು ಎತ್ತುವುದಿಲ್ಲ, ನಿಮ್ಮ ಕೆಲಸ ನೀವು ಮಾಡಿ ಎಂದು ಅಧಿಕಾರಿಗೆ ಹೇಳಿ ಪೆಟ್ಟಿಗೆಯ ಬೀಗದ ಕೈ ಕೊಟ್ಟುಬಿಟ್ಟರು. ಅವರು ಮಣೆಯ ಮುಂದೆ ಮಂಡಿಯೂರಿ, ಹೂಗಳನ್ನು ಒಂದೊಂದಾಗಿ ಬದಿಗಿಟ್ಟು ರಿವಾಲ್ವರನ್ನು ಎತ್ತಿಕೊಂಡರು. ಮಹಡಿಯ ಮೇಲಿದ್ದ ಇನ್ನೊಂದನ್ನೂ ತೆಗೆದುಕೊಂಡರು. ಹೋಗುವಾಗ ಅವರ ಬೆರಳಿಗೆಲ್ಲ ಕುಂಕುಮವಾಗಿತ್ತು.

ಮರುದಿನ ಆಫೀಸಿಗೆ ರಜೆ ಹಾಕಿ ಬೆಳಿಗ್ಗೆಯೇ ಹೋದೆ. ಕಾಕಾ ಸ್ನಾನ ಮಾಡಿ ಮಣೆಯ ಮುಂದೆ ಕೂತಿದ್ದರು. ಬಾಡಿದ ಸೇವಂತಿಗೆಗಳ ನಡುವೆ ರಿವಾಲ್ವರ್ ಇದ್ದಷ್ಟು ಜಾಗ ಖಾಲಿ ಬಿದ್ದಿತ್ತು. ಆ ಖಾಲಿ ಜಾಗಕ್ಕೇ ಮರುಪೂಜೆ ಮಾಡಿ, ಊದುಬತ್ತಿ ಬೆಳಗಿ, ಮಣೆಯನ್ನು ಎರಡೂ ಕೈಯಲ್ಲಿ ಎತ್ತಿಟ್ಟರು. ಆಮೇಲೆ ನನಗೆ ಚಹಾ ಮಾಡಿಕೊಟ್ಟರು. ಇಬ್ಬರೂ ಕುಡಿದೆವು.

ಸರ್ಟಿಫಿಕೇಟ್ ನವೀಕರಣ ಆಗಲಿಲ್ಲ. ಮೇಲ್ಮನವಿಗೆ ಅವಕಾಶವಿತ್ತು, ಕಾಕಾ ಹೋಗಲಿಲ್ಲ. ಕ್ಲಬ್ಬಿಗೂ ಬರಲಿಲ್ಲ. ಸ್ವಲ್ಪ ಕಾಲಕ್ಕೆ ಮನೆ ಮಾರಿ ಮ್ಯಾಂಚೆಸ್ಟರಿನ ಮಗಳ ಹತ್ತಿರ ಹೋದರು, ಕೆಲವು ವರ್ಷಗಳ ನಂತರ ಅಲ್ಲೇ ತೀರಿಕೊಂಡರು. ರಿವಾಲ್ವರ್ ಏನಾಯಿತೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ.

ಕಾಕಾನ ಮಣ್ಣಿಗೆ ಹೋಗಿದ್ದೆ. ಎಲ್ಲ ಮುಗಿದ ಮೇಲೆ ಮಗಳು ನನ್ನನ್ನು ಕಾರಿನವರೆಗೆ ಬಿಡಲು ಬಂದಳು. ಆವತ್ತು ಅಪ್ಪ ಅದನ್ನು ಯಾಕೆ ಒಳಗಿಡಲಿಲ್ಲ, ಎಷ್ಟು ಸಲ ಕೇಳಿದರೂ ನನಗೆ ಹೇಳಲಿಲ್ಲ, ನನ್ನ ಮೇಲಿನ ಹಟಕ್ಕೆ ಹಾಗೆ ಮಾಡಿದರೇನೋ ಎಂದುಕೊಂಡೇ ಇಷ್ಟು ವರ್ಷ ಕಳೆದೆ ಎಂದಳು. ಎಲ್ಲ ಇಂಗ್ಲಿಷಿನಲ್ಲಿ. ಅವಳು ಕನ್ನಡ ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಾಕಾ ನನಗೆ ಹೇಳಿದ್ದನ್ನು ಹಾಗೆಯೇ ಹೇಳಿದೆ. ಅವಳು ಕಾರಿನ ಬಾಗಿಲು ಹಿಡಿದುಕೊಂಡು ನಿಂತಳು.

"ಅವ್ವಗ ಗಂಟ ಇತ್ತು," ಎಂದಳು, ಕನ್ನಡದಲ್ಲಿ. "ಅಪ್ಪಗ ಗೊತ್ತಿತ್ತು. ಹೊಟ್ಟಿ ಮುಟ್ಟಿ ಅಪ್ಪನ ಮೊದಲ ಹೇಳಿದ್ದು. ಅವ್ವನ ಕಡೀ ದಸರಾಕ್ಕಿಂತ ಮೊದಲ."

ಹೌದು ಎಂದೆ. ನನಗೆ ಗೊತ್ತಿರಲಿಲ್ಲ, ಆದರೂ ಹೌದು ಎಂದೆ.

ಆವತ್ತು ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ, ಬರುತ್ತದೆ ಎಂದು ಕಾಯುವುದನ್ನೂ ಬಿಟ್ಟಿದ್ದೇನೆ. ಈಗ ನನ್ನದೇ ಸರ್ಟಿಫಿಕೇಟ್ ಇದೆ, ನನ್ನದೇ ರಿವಾಲ್ವರ್ ಇದೆ. ಭಾನುವಾರ ಹೋಗುತ್ತೇನೆ, ತುಂಬುತ್ತೇನೆ, ಹೊಡೆಯುತ್ತೇನೆ. ಗುಂಡು ಚೆನ್ನಾಗಿ ಬಿದ್ದರೆ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆ ಖುಷಿಯಲ್ಲಿ ಒಮ್ಮೊಮ್ಮೆ ಪಕ್ಕಕ್ಕೆ ತಿರುಗಿ ಕನ್ನಡದಲ್ಲಿ ಏನೋ ಹೇಳಿಬಿಡುತ್ತೇನೆ… ಪಕ್ಕದಲ್ಲಿ ನಿಂತ ಇಂಗ್ಲಿಷ್ ಮುದುಕ ಕಿವಿಯ ಬಟ್ಟಲು ಸರಿಸಿ, ಏನಂದಿರಿ ಎಂದು ಕೇಳುತ್ತಾನೆ. ಏನೂ ಇಲ್ಲ ಅನ್ನುತ್ತೇನೆ.