ಲಕ್ಕಮ್ಮ ಒಗೆದ ಚೀಲ

ಹೊಳವನಹಳ್ಳಿಯ ಲಕ್ಕಮ್ಮ ಒಗೆದ ಬಟ್ಟೆಯಲ್ಲಿ ಕೊಳೆ ಉಳಿದದ್ದನ್ನು ಕಂಡವರಿಲ್ಲ. ಬಟ್ಟೆಯೇ ಉಳಿಯದೆ ಹೋದದ್ದನ್ನು ಕಂಡವರು ಬೇಕಾದಷ್ಟಿದ್ದಾರೆ. ಇಂಥ ಕೈ ನಲವತ್ತೆಂಟನೇ ವಯಸ್ಸಿನಲ್ಲಿ ಮಧುಗಿರಿ ಹತ್ತಿರದ ಒಂದು ಮೇವು ಪರೀಕ್ಷಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿತು.

ಅಲ್ಲಿ ಕರಿಯ ಎಂಬ ಎತ್ತಿತ್ತು. ದನದ ಡಾಕ್ಟರು ಅದರ ಎಡಪಕ್ಕೆಯಲ್ಲಿ ತೂತು ಮಾಡಿ ರಬ್ಬರ್ ಮುಚ್ಚಳ ಕೂರಿಸಿದ್ದರು. ಮೇವನ್ನು ಪುಡಿಮಾಡಿ, ತೂಗಿ, ಸಣ್ಣ ನೈಲಾನ್ ಚೀಲದಲ್ಲಿ ಕಟ್ಟಿ, ಆ ಮುಚ್ಚಳ ತೆಗೆದು ಹೊಟ್ಟೆಯೊಳಗೆ ಇಳಿಬಿಡುತ್ತಿದ್ದರು. ಎರಡು ದಿನದ ಮೇಲೆ ಎಳೆದು, ತೊಳೆದು, ಒಣಗಿಸಿ ಮತ್ತೆ ತೂಕ. ಎಷ್ಟು ಕಡಿಮೆಯಾಯಿತೋ ಅಷ್ಟು ಜೀರ್ಣವಾಯಿತೆಂದು ಅರ್ಥ. ಕರಿಯ ಮಾತ್ರ ಯಾರದೋ ಮನೆಯ ಬಾಗಿಲು ತೆರೆದಂತೆ ಮೆಲುಕು ಹಾಕುತ್ತ ನಿಂತಿರುತ್ತಿತ್ತು. ಅದನ್ನು ನೋಡಿಕೊಳ್ಳುವುದು, ಚೀಲ ತೊಳೆಯುವುದು ಲಕ್ಕಮ್ಮನ ಕೆಲಸ. ತನಗೆ ಎದುರುತ್ತರ ಕೊಡದ ಗಂಡಸು ಇದೊಂದೇ ಎಂದು ಅವಳಿಗೆ ಅದರ ಮೇಲೆ ಪ್ರಾಣ.

ಚೀಲವನ್ನು ನೀರಲ್ಲಿ ಮೆಲ್ಲಗೆ ಜಾಲಿಸಿದರೆ ಸಾಕು ಎಂದಿದ್ದರು ವಿಜ್ಞಾನಿ ಪ್ರಸನ್ನ ಕುಮಾರ್. ಎತ್ತಿನ ಹೊಟ್ಟೆಯಿಂದ ಬಂದದ್ದನ್ನು ಬರೀ ಜಾಲಿಸುವುದೆಂದರೇನು, ಮಾನ ಮರ್ಯಾದೆ ಬೇಡವೇ? ಲಕ್ಕಮ್ಮ ಅಂಟುವಾಳ ಹಚ್ಚಿ, ತೆಂಗಿನ ನಾರಿನಲ್ಲಿ ತಿಕ್ಕಿ, ಕಲ್ಲಿನ ಮೇಲೆ ಕುಕ್ಕಿ ಕುಕ್ಕಿ ಒಗೆದಳು.

ತೂಗಿ ನೋಡಿದರೆ ಪಾವಗಡದ ಕಡಲೆಕಾಯಿ ಸಿಪ್ಪೆ ನೂರಕ್ಕೆ ತೊಂಬತ್ತು ಪಾಲು ಜೀರ್ಣವಾಗಿತ್ತು. ಅನುಮಾನ ಬಂದು ಪ್ರಸನ್ನ ಕುಮಾರ್ ಯಾವ ದನವೂ ಅರಗಿಸಲಾರದ ಮರದ ಹೊಟ್ಟನ್ನೇ ಕಟ್ಟಿ ಇಳಿಬಿಟ್ಟರು. ಎಂಬತ್ತೆಂಟು. ಈ ಎತ್ತಿನ ಹೊಟ್ಟೆ ಕೆಟ್ಟಿದೆ, ಸೋಮವಾರ ಇದನ್ನು ಸಾಗಿಸಿ ಬೇರೆಯದು ತರಬೇಕು ಎಂದು ಅವರು ಕಾಗದ ಬರೆದರು.

ಸುದ್ದಿ ಲಕ್ಕಮ್ಮನ ಕಿವಿಗೆ ಬಿತ್ತು. ದಿನಾ ಸಗಣಿ ಬಾಚುವವಳು ಅವಳು. ಮರ ಅರಗಿಸುವ ಹೊಟ್ಟೆ ಅದಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಹಾಗಾದರೆ ಹೊಟ್ಟು ಎಲ್ಲಿ ಹೋಯಿತು? ಹೋಗಿ ನೋಡಿದರೆ ಒಗೆಯುವ ಕಲ್ಲಿನ ಮೋರಿ ಅದರಿಂದಲೇ ಕಟ್ಟಿಕೊಂಡಿತ್ತು. ತಿಕ್ಕಿದ ಏಟಿಗೆ ಪುಡಿಯೆಲ್ಲ ಚೀಲದ ಕಣ್ಣುಗಳಿಂದ ಹೊರಬಿದ್ದಿತ್ತು. ಬಾಯಿ ಬಿಟ್ಟರೆ ಮೂವತ್ತು ವರ್ಷದ ಒಗೆತದ ಹೆಸರು ಮಣ್ಣುಪಾಲು. ಬಿಡದಿದ್ದರೆ ಕರಿಯ ಲಾರಿ ಹತ್ತುತ್ತದೆ.

ಶುಕ್ರವಾರ ಅವಳು ಹೊಟ್ಟು ತುಂಬಿದ ಚೀಲವೊಂದನ್ನು ಕೇಳಿ ಪಡೆದು, ಎತ್ತಿಗೆ ತೋರಿಸದೆ, ಪ್ರಸನ್ನ ಕುಮಾರರ ಎದುರಿಗೇ ಕಲ್ಲಿಗೆ ಹಾಕಿದಳು. ಒಣಗಿಸಿ ಮರುದಿನ ತೂಗಿದರೆ ಎಂಬತ್ತೈದು ಪಾಲು ಮಾಯ.

"ಕರಿಯನ ಹೊಟ್ಟೆ ನೆಟ್ಟಗೈತೆ ಸಾ. ಇದು ನನ್ ಕೈ ಅರಗಿಸ್ಕೊಂಡಿದ್ದು," ಎಂದಳು. "ಕಳ್ಸಾದಾದ್ರೆ ನನ್ನ ಕಳ್ಸ್‌ಬುಡಿ."

ಪ್ರಸನ್ನ ಕುಮಾರ್ ತಕ್ಕಡಿಯನ್ನೂ ಅವಳ ಕೈಯನ್ನೂ ನೋಡಿದರು. ಆಮೇಲೆ ಕಾಗದ ಹರಿದರು. ಇನ್ನು ಮೇಲೆ ಚೀಲ ತಾವೇ ತೊಳೆಯುವುದಾಗಿಯೂ, ಆಕೆ ಎತ್ತನ್ನು ನೋಡಿಕೊಂಡರೆ ಸಾಕೆಂದೂ ಹೇಳಿದರು.

ಲಕ್ಕಮ್ಮ ಕೊಟ್ಟಿಗೆಗೆ ಹೋಗಿ ಕರಿಯನ ಕುತ್ತಿಗೆಗೆ ಹಣೆಯಾನಿಸಿದಳು. ನಾಚಿಕೆಯೂ ಸಂತೋಷವೂ ಒಟ್ಟಿಗೇ ಉಕ್ಕಿ ಅಳು ಬಂತು.

"ನಿನ್ನಿಂದ ನನ್ ಹೆಸ್ರು ಹೋಯ್ತು ಕಣ್ಲಾ," ಎಂದಳು.

ಕರಿಯ ಅವಳ ಸೆರಗನ್ನು ಬಾಯಿಗೆಳೆದು ಜಗಿಯತೊಡಗಿತು. ಅರ್ಧ ಸೆರಗು ಒಳಗೆ ಹೋಗುವವರೆಗೂ ಅವಳು ಬಿಡಿಸಿಕೊಳ್ಳಲಿಲ್ಲ.