ಗುಳಿಗೆಯ ಅಡ್ಡಬುದ್ಧಿ

ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿ ನೋಡುವುದನ್ನು ಬಿಟ್ಟಿದ್ದೇನೆ. ವೈರಾಗ್ಯವೇನೂ ಬಂದಿಲ್ಲ. ಆ ಹೊತ್ತಿನಲ್ಲಿ ಅಲ್ಲಿ ಕಾಣುವ ಹೆಂಗಸಿನ ಪರಿಚಯ ನನಗೆ ಅಷ್ಟಾಗಿ ಇಲ್ಲ. ರೆಪ್ಪೆಗಳು ಬೆಂದ ಕಡುಬಿನಂತೆ ಉಬ್ಬಿರುತ್ತವೆ. ಕಣ್ಣು ಅವುಗಳ ಸಂದಿನಿಂದ, ನಾನೂ ಇಲ್ಲೇ ಎಲ್ಲೋ ಇದ್ದೇನೆ ಎನ್ನುತ್ತಿರುತ್ತದೆ. ಚಳ್ಳಕೆರೆಯ ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಊತ ಇಳಿದು, ಮಕ್ಕಳಿಗೆ ಅವರ ಕನ್ನಡ ಟೀಚರು ಸಿಗುತ್ತಾಳೆ.

ನನಗಿರುವುದು ರಕ್ತದ ಕ್ಯಾನ್ಸರು. ನೀವು ಲೊಚಗುಟ್ಟುವ ಮೊದಲೇ ಹೇಳಿಬಿಡುತ್ತೇನೆ, ಇದು ನಿಧಾನದ ಜಾತಿಯದು. ದಿನವೂ ಗುಳಿಗೆ ನುಂಗುತ್ತಿದ್ದರೆ ತನ್ನ ಪಾಡಿಗೆ ತಾನು ಮೂಲೆ ಹಿಡಿದು ಕೂತಿರುತ್ತದೆ. ಕೂರಲಾಗದೆ ಚಡಪಡಿಸುವವಳು ನಾನು. ಹೊಟ್ಟೆ ತೊಳಸುತ್ತದೆ. ಬೋರ್ಡಿನ ಮೇಲೆ ಬರೆಯುತ್ತಿದ್ದಂತೆ ಬೆರಳುಗಳು ಸೀಮೆಸುಣ್ಣ ಹಿಡಿದ ಹಾಗೇ ಸೆಟೆದು ನಿಲ್ಲುತ್ತವೆ. ಮೀನಖಂಡ ಹೇಳದೆ ಕೇಳದೆ ಗಂಟಾಗುತ್ತದೆ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಸ್ಟಾಫ್ ರೂಮಿನಲ್ಲಿ ನಾನು ಅತ್ತಿಂದಿತ್ತ ತಿರುಗುವುದನ್ನು ನೋಡಿ ಗಣಿತದ ಮೇಷ್ಟ್ರು, "ಮೇಡಂ, ಯಾರಾದ್ರೂ ಬರೋರಿದಾರಾ?" ಎಂದು ಬಾಗಿಲ ಕಡೆ ನೋಡುತ್ತಾರೆ.

ಡಾಕ್ಟರು ಇವಕ್ಕೆಲ್ಲ ‘ಅಡ್ಡ ಪರಿಣಾಮ’ ಎಂದರು. ಪಾಠ ಹೇಳುವವಳ ಚಪಲ, ಆ ಪದ ಹಿಡಿದು ಕೂತೆ. ಕನ್ನಡದಲ್ಲಿ ‘ಅಡ್ಡ’ ಸಾಮಾನ್ಯದ್ದಲ್ಲ. ಅಡ್ಡಹೆಸರು ಇಟ್ಟ ಹೆಸರನ್ನೇ ನುಂಗುತ್ತದೆ. ಬೆಕ್ಕು ಅಡ್ಡ ಬಂದರೆ ಮದುವೆ ದಿಬ್ಬಣವೇ ನಿಲ್ಲುತ್ತದೆ. ಒಂದೇ ದೇಹದಲ್ಲಿ ದೇವರಿಗೆ ಅಡ್ಡ ಬೀಳುತ್ತೇವೆ, ಗಂಡನ ಮಾತಿಗೆ ಅಡ್ಡ ಬಾಯಿ ಹಾಕುತ್ತೇವೆ. ಗುಳಿಗೆಯ ಪರಿಣಾಮವೇನೋ ರಕ್ತದ ವರದಿಯಲ್ಲಿ ತಣ್ಣಗಿರುತ್ತದೆ. ದಿನ ಬೆಳಗಾದರೆ ಸಂಸಾರ ಮಾಡಬೇಕಾದ್ದು ಅಡ್ಡದ ಜೊತೆಗೇ.

ಈ ಸಂಸಾರದಲ್ಲಿ ಮೊದಲು ಪೆಟ್ಟು ತಿಂದವನು ನನ್ನ ಗಂಡ. ಮೊಳಕಾಲ್ಮೂರಿನ ತವರಿಗೆ ಇಬ್ಬರೂ ಹೋಗಿದ್ದೆವು. ಪಕ್ಕದ ಮನೆಯಲ್ಲಿ ರೇಷ್ಮೆ ಸೀರೆ ನೇಯುವ ರಾಮಕ್ಕ ನನ್ನ ಕಣ್ಣು ನೋಡಿದವಳೇ, ಅವ್ವನ ಕಿವಿಯಲ್ಲಿ ತೆಲುಗಿನಲ್ಲಿ, "ಅಲ್ಲುಡು ಕೊಟ್ಟಾಡಾ ಏಮಿ?" ಎಂದಳು. ಅಳಿಯ ಹೊಡೆದನಾ ಅಂತ. ಅಲ್ಲೇ ಬೆಳಗಿನ ಕಾಫಿ ಕುಡಿಯುತ್ತಿದ್ದ ಅಳಿಯನಿಗೂ ತೆಲುಗು ಬರುತ್ತದೆ. ಇರುವೆ ಕಂಡರೆ ದಾರಿ ಬಿಡುವ ಮನುಷ್ಯ, ಲೋಟ ಕೆಳಗಿಟ್ಟು ಹೊರಗೆ ಹೋದ. ಅವ್ವ ರಾಮಕ್ಕನಿಗೆ ರೋಗದ ವಿಷಯ ಬಿಡಿಸಿ ಹೇಳಬೇಕಾಯಿತು. ಅಲ್ಲಿಯವರೆಗೆ ಬೀದಿಯಲ್ಲಿ ಯಾರಿಗೂ ಹೇಳಿರದ ಅವ್ವ, ಹೇಳಿ ಮುಗಿಸಿ ಅತ್ತಳು. ಈಗ ಅವಳ ಕಣ್ಣೂ ಊದಿತು.

ಆದರೆ ನನ್ನ ನಿಜವಾದ ಚಡಪಡಿಕೆ ಶುರುವಾದದ್ದು ತಿಪ್ಪೇಸ್ವಾಮಿಯಿಂದ. ನನ್ನಿವಾಳದ ಕಡೆಯವನು, ಕುರಿ ಕಾಯುತ್ತಾನೆ. ರಕ್ತ ಪರೀಕ್ಷೆಯ ಸಾಲಿನಲ್ಲಿ ನಿಂತೂ ನಿಂತೂ ಪರಿಚಯವಾಯಿತು. ಇಬ್ಬರದೂ ಒಂದೇ ರೋಗ, ಒಂದೇ ಗುಳಿಗೆ. ಒಂದು ಮಧ್ಯಾಹ್ನ ಫೋನು ಮಾಡಿ, ಹೊಸ ಚಪ್ಪಲಿ ತಗೊಂಡೆ ಎನ್ನುವಷ್ಟು ಸಲೀಸಾಗಿ ಹೇಳಿದ: "ಟೀಚರಮ್ಮ, ಗುಳಿಗೆ ಬಿಟ್ಬಿಟ್ಟೆ. ಈಗ ಆರಾಮೈತೆ."

ಬಿಟ್ಟರೆ ಮೊದಮೊದಲು ಆರಾಮವೇ. ಮೂಲೆಯಲ್ಲಿ ಕೂತದ್ದು ಸದ್ದಿಲ್ಲದೆ ಎದ್ದು ನಿಲ್ಲುವವರೆಗೆ. ಆಮೇಲೆ ಅದೇ ಗುಳಿಗೆ ನಾಟದೆಯೂ ಹೋಗಬಹುದು ಎಂದು ಡಾಕ್ಟರು ನಮ್ಮಿಬ್ಬರಿಗೂ ಹೇಳಿದ್ದರು. ಫೋನಿನಲ್ಲಿ ಬೈದೆ, ಕೇಳಲಿಲ್ಲ. ಭಾನುವಾರ ನಸುಕಿಗೇ ಬಸ್ಸು ಹತ್ತಿದೆ.

ಅವನ ಹೆಂಡತಿ ಓಬಮ್ಮ ಕಂಬಳಿ ಹಾಸಿ ಮಜ್ಜಿಗೆ ಕೊಟ್ಟಳು. ನಾನು ಕೂರಲಿಲ್ಲ. ಕುರಿದೊಡ್ಡಿಯ ಮುಂದೆ ಅತ್ತಿಂದಿತ್ತ ನಡೆಯುತ್ತಾ ಭಾಷಣ ಶುರುಮಾಡಿದೆ. ತಿಪ್ಪೇಸ್ವಾಮಿ ಪೂರ್ತಿ ಕೇಳಿದ.

"ಗುಳಿಗೆ ನುಂಗೋವಾಗ ಒಂದಿನ ಕಾಲು ಹಿಡ್ಕಂಡು ಬದುವಿನ ಮ್ಯಾಲೆ ಬಿದ್ದೆ ಟೀಚರಮ್ಮ. ಎದ್ದು ನೋಡೋ ಹೊತ್ಗೆ ಕುರಿ ಎಲ್ಲಾ ಪಕ್ಕದೋರ ಶೇಂಗಾ ಹೊಲದಾಗಿದ್ವು. ಕುಡಿದು ಬಿದ್ದಿದ್ದ ಅಂತ ಊರಿಗೆಲ್ಲಾ ಹೇಳಿದ್ರು. ನಾನು ಬೀಡಿನೂ ಮುಟ್ಟಲ್ಲ. ನಿಮ್ದು ಬಿಡ್ರಿ, ನಿಮಗೆ ಗುಳಿಗೆ ಒಗ್ಗೈತೆ. ಮುಖ ನೋಡ್ರಿ, ಹೆಂಗೆ ತುಂಬ್ಕಂಡೈತೆ."

ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಮೀನಖಂಡ ಕಲ್ಲಾಯಿತು. ಬಂದ ಬಿರುಸಿಗೆ ಕಂಬಳಿಯ ಮೇಲೆ ಅಂಗಾತ ಬಿದ್ದೆ, ಮಜ್ಜಿಗೆ ಸೀರೆಯ ಮೇಲೆ ಬಿತ್ತು. ಓಬಮ್ಮ ಗಾಬರಿಯಾಗಲಿಲ್ಲ. ನನ್ನ ಮೊಣಕಾಲು ಒತ್ತಿ ಹಿಡಿದು, ಕಾಲಿನ ಹೆಬ್ಬೆರಳನ್ನು ನನ್ನ ಕಡೆಗೇ ಬಗ್ಗಿಸಿ ಎಳೆದಳು. "ಸುಮ್ಕಿರ್ರಿ, ಬಿಡ್ತೈತೆ. ಇವ್ರಿಗೂ ಇಂಗೇ ಮಾಡ್ತೀನಿ."

ನೋವು ಇಳಿಯಿತು. ಭಾಷಣದ ಕಥೆ ಮಾತ್ರ ಅಲ್ಲಿಗೇ ಮುಗಿಯಿತು. ಸೆರಗು ಹಿಂಡಿಕೊಳ್ಳುತ್ತಾ ಕೂತೆ. ತಿಪ್ಪೇಸ್ವಾಮಿ ನನ್ನ ಕಾಲನ್ನೇ ನೋಡುತ್ತಿದ್ದ.

"ನಿಮಗೂ ಹಿಡಿತೈತಾ?"

"ದಿನಾ ಹಿಡಿತೈತೆ."

"ಮತ್ತೆ ಆ ಮುಖ?"

"ಅದು ಊತ ಕಣಪ್ಪ. ನೀರು ತುಂಬ್ಕಂಡಿರೋದು."

"ಆದ್ರೂ ನುಂಗ್ತೀರಾ?"

"ನುಂಗ್ತೀನಿ. ಸಾಯೋಕೆ ನಂಗೆ ಮನಸ್ಸಿಲ್ಲ."

ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಇದೊಂದು ಇರಲಿಲ್ಲ. ಅವನು ಎದ್ದು ಹೋಗಿ ಕುರಿಗಳಿಗೆ ನೀರು ಬಿಟ್ಟ. ವಾಪಸ್ ಬಂದು, "ನಾಳೆ ಡಾಕ್ಟ್ರತ್ರ ನೀವೂ ಬರ್ತೀರಾ?" ಎಂದ.

ಹೋದೆವು. ಅವನ ರಕ್ತದಲ್ಲಿ ರೋಗ ತಲೆಯೆತ್ತಿತ್ತು, ಕೈಮೀರಿರಲಿಲ್ಲ. ಡಾಕ್ಟರು ಕೇಳುತ್ತಾ ಹೋದಂತೆ ಗೊತ್ತಾಯಿತು, ಈ ಪುಣ್ಯಾತ್ಮ ಕುರಿ ಬಿಡುವ ಮೊದಲು ಬರೀ ಹೊಟ್ಟೆಯಲ್ಲಿ, ಒಂದು ಗುಟುಕು ನೀರಿನಲ್ಲಿ ನುಂಗಿ, ದಿನವೂ ವಾಂತಿ ಮಾಡಿಕೊಳ್ಳುತ್ತಿದ್ದ. ಸಂಜೆ ಹೊಟ್ಟೆ ತುಂಬ ಉಂಡು, ಚೊಂಬು ನೀರಿನ ಜೊತೆ ತಗೋ ಎಂದರು. ಕಾಲಿನ ಸೆಳೆತಕ್ಕೂ ಏನೋ ಬರೆದುಕೊಟ್ಟರು. ವಾಂತಿ ನಿಂತಿತು. ಸೆಳೆತ ನಿಲ್ಲಲಿಲ್ಲ, ಆದರೆ ಬದುವಿನ ಮೇಲೆ ಬೀಳಿಸುವಷ್ಟು ಉಳಿಯಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ರೋಗ ಮತ್ತೆ ಮೂಲೆ ಸೇರಿತ್ತು.

ಈಗ ಅವನು ಗುಳಿಗೆ ನುಂಗಿದ ಮೇಲೆ ನನಗೆ ಮಿಸ್ಡ್ ಕಾಲ್ ಕೊಡುತ್ತಾನೆ. ಏರ್ಪಾಡು ನನ್ನದೇ. ಮೊನ್ನೆ ಸಂಜೆ ಬರಲಿಲ್ಲ. ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಬೀದಿಗೆ ಓಡಾಡಿದೆ. ತಟ್ಟೆ ಮುಂದೆ ಕೂತಿದ್ದ ಗಂಡ, "ಬಾರೇ, ಸಾರು ಆರ್ತೈತೆ" ಎಂದದ್ದು ಕೇಳಿಸಿತು, ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನಾನೇ ಫೋನು ಮಾಡಿ ದಬಾಯಿಸಿದೆ. ತಿಪ್ಪೇಸ್ವಾಮಿ ಶಾಂತವಾಗಿ, ಫೋನಿನಲ್ಲಿ ಚಾರ್ಜ್ ಇರಲಿಲ್ಲವೆಂದ. ಮುದ್ದೆ ಉಂಡು ಗುಳಿಗೆ ನುಂಗಿ ಆಗಲೇ ಆಗಿತ್ತಂತೆ.

"ನೀವು ತಗಂಡ್ರಾ ಟೀಚರಮ್ಮ?"

"ಇನ್ನೂ ಉಂಡೇ ಇಲ್ಲ ಕಣಪ್ಪ," ಎಂದೆ.

"ಮೊದ್ಲು ಉಣ್ಣೋಗ್ರಿ," ಎಂದ. "ಆಮ್ಯಾಲೆ ಬಯ್ಯೀರಂತೆ. ನಾನೆಲ್ಲೂ ಹೋಗಲ್ಲ."